ಬಿದರಿ ಪಾತ್ರೆ: ಸತು ಕಪ್ಪಾಯಿತು, ಬೆಳ್ಳಿ ಯಾಕೆ ಆಗಲಿಲ್ಲ?



ಕಪ್ಪು ಹೂಜಿ, ಅದರ ಮೈಮೇಲೆ ಮಿಂಚುವ ಬೆಳ್ಳಿಯ ಬಳ್ಳಿ. ಬಿದರಿ ಕಲೆಯ ವಸ್ತುವನ್ನು ಚಿತ್ರದಲ್ಲಾದರೂ ನೀವು ನೋಡಿರುತ್ತೀರಿ. ಆ ಕಪ್ಪು ಪೇಂಟ್ ಅಲ್ಲ. ಇಡೀ ಪಾತ್ರೆಗೆ ಒಂದೇ ಲೇಪ ಹಚ್ಚುತ್ತಾರೆ. ಆದರೂ ತಳದ ಲೋಹ ಮಾತ್ರ ಕಪ್ಪಾಗುತ್ತೆ, ಬೆಳ್ಳಿ ಹಾಗೇ ಉಳಿಯುತ್ತೆ. ಯಾಕೆ? ನಿಮ್ಮ ಲೋಹಗಳ ಪಾಠದಲ್ಲೇ ಇದಕ್ಕೆ ಉತ್ತರವಿದೆ.

ಹಿನ್ನೆಲೆ

ಲೋಹದಲ್ಲಿ ಗೆರೆ ಕೊರೆದು ಬೆಳ್ಳಿ ಕೂರಿಸುವ ಕೆಲಸಕ್ಕೆ ಮಧ್ಯಯುಗದ ಇಸ್ಲಾಮಿಕ್ ಜಗತ್ತು ಹೆಸರಾಗಿತ್ತು. ಇರಾಕಿನ ಮೋಸುಲ್ ನಗರದಲ್ಲಿ 1232ರಲ್ಲಿ ಮಾಡಿದ ಇಂಥ ಹಿತ್ತಾಳೆ ಹೂಜಿಯೊಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಬದಲಾಯಿಸಿದರು. ಅವರ ಆಸ್ಥಾನಕ್ಕೂ ಇರಾನಿಗೂ ಹತ್ತಿರದ ನಂಟಿತ್ತು. ಆ ನಂಟಿನ ಫಲವೇ ಬಿದರಿ ಕಲೆ.

ಬೀದರಿನಲ್ಲಿ ಲೋಹದ ಲೆಕ್ಕ ಮಾತ್ರ ತಲೆಕೆಳಗಾಯಿತು. ಹಿತ್ತಾಳೆಯಲ್ಲಿ ತಾಮ್ರ ಹೆಚ್ಚು, ಸತು ಕಮ್ಮಿ. ಬಿದರಿಯಲ್ಲಿ ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ.

ಮಾಡುವ ಕ್ರಮ

1. ಎರಕ: ಮಣ್ಣಿನ ಅಚ್ಚಿನಲ್ಲಿ ಕರಗಿದ ಮಿಶ್ರಲೋಹ ಸುರಿಯುತ್ತಾರೆ. ನಮ್ಮ ಕೊಯಮತ್ತೂರಿನ ಫೌಂಡ್ರಿಗಳಲ್ಲಿ ಪಂಪಿನ ಭಾಗಗಳನ್ನು ಮರಳಿನ ಅಚ್ಚಿನಲ್ಲಿ ಎರೆಯೋದೂ ಇದೇ ತತ್ವದಿಂದ.

2. ತಾತ್ಕಾಲಿಕ ಕಪ್ಪು: ಅರದಿಂದ ಉಜ್ಜಿ, ಮೈಲುತುತ್ತದ ದ್ರಾವಣ ಸವರುತ್ತಾರೆ. ಆಗ ಕಪ್ಪು ಮೈಮೇಲೆ ಕೊರೆದ ಗೆರೆ ಬೆಳ್ಳಗೆ ಕಾಣುತ್ತೆ. ಇದು ನೀವು ಓದಿದ ಸ್ಥಾನಪಲ್ಲಟ ಕ್ರಿಯೆ:
ಸತು + ತಾಮ್ರದ ಸಲ್ಫೇಟ್ → ಸತುವಿನ ಸಲ್ಫೇಟ್ + ತಾಮ್ರ

3. ಕೆತ್ತನೆ: ಉಳಿಯಿಂದ ಕೊರೆದ ಗೆರೆಗಳಲ್ಲಿ ಬೆಳ್ಳಿಯ ತಂತಿ ಅಥವಾ ತಗಡು ಇಟ್ಟು, ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಆಮೇಲೆ ಉಜ್ಜಿದಾಗ ತಾತ್ಕಾಲಿಕ ಕಪ್ಪು ಹೋಗಿ ಪಾತ್ರೆ ಪೂರ್ತಿ ಬೆಳ್ಳಗಾಗುತ್ತೆ. ಬೆಳ್ಳಿ ಯಾವುದು, ಸತು ಯಾವುದು ಗೊತ್ತೇ ಆಗಲ್ಲ.

4. ಕೊನೆಯ ಕಪ್ಪು: ಬೀದರ್ ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಮತ್ತು ನೀರು ಕಲಸಿ, ಹದವಾಗಿ ಬಿಸಿ ಮಾಡಿದ ಪಾತ್ರೆಗೆ ಹಚ್ಚುತ್ತಾರೆ. ತೊಳೆದರೆ ಕಪ್ಪು ಬೇರೆ, ಬೆಳ್ಳಿ ಬೇರೆ!

ಕಾರಣವೇನು?

ಕ್ರಿಯಾಶೀಲತೆಯ ಸರಣಿ ನೆನಪಿಸಿಕೊಳ್ಳಿ. ಸತು ಮೇಲಿದೆ, ತಾಮ್ರ ಕೆಳಗೆ, ಬೆಳ್ಳಿ ಅದಕ್ಕಿಂತಲೂ ಕೆಳಗೆ. ಲೇಪದ ಲವಣಗಳು ಮೇಲ್ಮೈಯ ಸತುವನ್ನು ಬೇಗ ಕರಗಿಸುತ್ತವೆ. ಅಲ್ಲಿ ಹಿಂದೆ ಉಳಿಯುವ ತಾಮ್ರವೇ ತೆಳುವಾದ ಕಪ್ಪು ಪದರಕ್ಕೆ ಮೂಲ. ಆದ್ದರಿಂದಲೇ ತಾಮ್ರ ಬೆರೆಯದ ಸತುವಿಗೆ ಈ ಗಾಢ ಕಪ್ಪು ಬರುವುದಿಲ್ಲ. ಬೆಳ್ಳಿ ಈ ಕ್ರಿಯೆಯಲ್ಲಿ ಭಾಗವಹಿಸುವುದೇ ಇಲ್ಲ.

ಹಾಗಾದರೆ ಮಣ್ಣಿನಲ್ಲೇನಿದೆ? ಬಿಸಿಲು, ಮಳೆ ತಾಗದ ಹಳೆಯ ಕಟ್ಟಡಗಳ ಮಣ್ಣಿನಲ್ಲಿ ನೈಟ್ರೇಟ್ ಲವಣ ಉಳಿದಿರುತ್ತದೆ; ಮಳೆಗೆ ಸಿಕ್ಕರೆ ಅದು ಕರಗಿ ಹೋಗುತ್ತದೆ. ಒಳ್ಳೆಯ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಯ ರುಚಿಯಿಂದಲೇ ಗುರುತಿಸುತ್ತಾರೆ. ಅಂದರೆ ಇದು ಮಾಯದ ಮಣ್ಣಲ್ಲ, ತಲೆಮಾರುಗಳಿಂದ ಪರೀಕ್ಷಿಸಿ ಉಳಿಸಿಕೊಂಡ ರಸಾಯನಶಾಸ್ತ್ರ. 2023ರಲ್ಲಿ ಬೀದರಿನ ಶಾಹ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಸಂದದ್ದು ಈ ಕಲೆಗಾಗಿಯೇ.

ಆದರೆ ಕೋಟೆ ಸಂರಕ್ಷಿತ ಸ್ಮಾರಕ. ಅದರ ಮಣ್ಣನ್ನು ಬೇಕಾದಷ್ಟು ಅಗೆಯುವ ಹಾಗಿಲ್ಲ. ಮುಂದೆ ಈ ಕಲೆ ಉಳಿಯಬೇಕಾದರೆ ನಾಲಿಗೆಗೆ ಗೊತ್ತಿರುವುದು ಪ್ರಯೋಗಾಲಯಕ್ಕೂ ಗೊತ್ತಾಗಬೇಕು. ಆ ಕೆಲಸ ನಿಮ್ಮಲ್ಲೇ ಯಾರಾದರೂ ಮಾಡಬಹುದು ಅಲ್ವಾ?

ಮಾಡಿ ನೋಡಿ

ಶಿಕ್ಷಕರ ಎದುರಿನಲ್ಲಿ, ಮೈಲುತುತ್ತದ ದ್ರಾವಣಕ್ಕೆ ಸತುವಿನ ಚೂರು ಹಾಕಿ. ದ್ರಾವಣ ವಿಷಕಾರಿ; ರುಚಿ ನೋಡಬೇಡಿ, ಕೈ ತೊಳೆದುಕೊಳ್ಳಿ.

ಪ್ರಶ್ನೆಗಳು
1. ಸತುವಿನ ಮೇಲೆ ಕೂತ ಪದರ ಯಾವುದು? ನೀಲಿ ಬಣ್ಣ ಯಾಕೆ ತಿಳಿಯಾಯಿತು?
2. ಸತುವಿನ ಬದಲು ಬೆಳ್ಳಿ ಹಾಕಿದ್ದರೆ ಏನಾಗುತ್ತಿತ್ತು?