ಟಿಬೆಟಿಯನ್ ವೈದ್ಯದ ಬಗ್ಗೆ ಊರಿನಲ್ಲೊಂದು ಉಪನ್ಯಾಸ: ಏರ್ಪಡಿಸುವುದು ಹೇಗೆ?

ಟಿಬೆಟಿಯನ್ನರ ಸಾಂಪ್ರದಾಯಿಕ ವೈದ್ಯಪದ್ಧತಿಯ ಹೆಸರು ಸೋವಾ ರಿಗ್ಪಾ. ಕರ್ನಾಟಕದಲ್ಲಿ ಬೈಲಕುಪ್ಪೆ, ಮುಂಡಗೋಡ, ಹುಣಸೂರು ಮತ್ತು ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲಿ ಟಿಬೆಟಿಯನ್ ವಸಾಹತುಗಳಿರುವುದರಿಂದ ಸುತ್ತಮುತ್ತಲಿನ ಊರುಗಳವರಿಗೆ ಈ ವೈದ್ಯರು ಹತ್ತಿರದಲ್ಲೇ ಇದ್ದಾರೆ. ಬೈಲಕುಪ್ಪೆ, ಮುಂಡಗೋಡ ಮತ್ತು ಬೆಂಗಳೂರಿನಲ್ಲಿ ಮೆನ್-ತ್ಸಿ-ಖಾಂಗ್ ಸಂಸ್ಥೆಯ ಶಾಖಾ ಚಿಕಿತ್ಸಾಲಯಗಳು ನಡೆಯುತ್ತಿವೆ. 1916ರಲ್ಲಿ ಲ್ಹಾಸಾದಲ್ಲಿ ಶುರುವಾದ ಈ ಸಂಸ್ಥೆ 1961ರಲ್ಲಿ ಧರ್ಮಶಾಲಾದಲ್ಲಿ ಮತ್ತೆ ತಲೆಯೆತ್ತಿತು. ಊರಿನ ಗ್ರಂಥಾಲಯ, ಕಾಲೇಜು ಅಥವಾ ಹಿರಿಯ ನಾಗರಿಕರ ಸಂಘವೊಂದು ಮನಸ್ಸು ಮಾಡಿದರೆ ಸಣ್ಣ ಖರ್ಚಿನಲ್ಲೇ ಒಳ್ಳೆಯ ಉಪನ್ಯಾಸ ಏರ್ಪಡಿಸಬಹುದು.

ಸಭೆಯ ಉದ್ದೇಶವನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಇದು ಪರಿಚಯದ ಸಭೆ. ತಪಾಸಣಾ ಶಿಬಿರವಾಗಲಿ ಔಷಧ ಮಾರಾಟವಾಗಲಿ ಇದರ ಜೊತೆ ಸೇರಬಾರದು. ಕರಪತ್ರ ಬರೆಯುವಾಗಲೂ ಇದೇ ಎಚ್ಚರ ಬೇಕು. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಮೂರ್ಛೆರೋಗ ಮುಂತಾದವನ್ನು ಗುಣಪಡಿಸುವ ಔಷಧವಿದೆಯೆಂದು ಜಾಹೀರಾತು ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸುತ್ತದೆ. ವಿಷಯ, ದಿನಾಂಕ, ಸ್ಥಳ, ಉಪನ್ಯಾಸಕರ ಹೆಸರು ಮತ್ತು ವಿದ್ಯಾರ್ಹತೆ ಇಷ್ಟಿದ್ದರೆ ಕರಪತ್ರಕ್ಕೆ ಸಾಕು.

ಮುಂದಿನದು ಉಪನ್ಯಾಸಕರ ಆಯ್ಕೆ. ಸೋವಾ ರಿಗ್ಪಾಕ್ಕೆ ಭಾರತದಲ್ಲಿ 2010ರ ಕಾನೂನು ತಿದ್ದುಪಡಿಯಿಂದ ಅಧಿಕೃತ ಮಾನ್ಯತೆ ಸಿಕ್ಕಿದೆ. 2020ರ ಭಾರತೀಯ ವೈದ್ಯಪದ್ಧತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯೂ ಇದನ್ನು ಒಳಗೊಂಡಿದೆ. ಆದ್ದರಿಂದ ಎಲ್ಲಿ ಓದಿದ್ದಾರೆ, ನೋಂದಣಿ ಇದೆಯೇ ಎಂದು ಕೇಳಲು ಸಂಕೋಚಪಡಬೇಕಿಲ್ಲ. ವೈದ್ಯರನ್ನು ಟಿಬೆಟಿಯನ್ನರು ಅಮ್ಚಿ ಎನ್ನುತ್ತಾರೆ. ಎದುರಿಗೆ ಮಾತನಾಡುವಾಗ ಗೌರವದ ‘ಲಾ’ ಸೇರಿಸಿ ಅಮ್ಚಿ-ಲಾ ಎಂದು ಕರೆಯುವುದು ರೂಢಿ. ನಾಡಿ ನೋಡಲು ಬೆಳಗಿನ ಹೊತ್ತೇ ಪ್ರಶಸ್ತವೆಂಬುದು ಈ ಪದ್ಧತಿಯ ನಿಯಮವಾದ್ದರಿಂದ ಸಭೆಯನ್ನು ಸಂಜೆಗೋ ಚಿಕಿತ್ಸಾಲಯದ ರಜಾದಿನಕ್ಕೋ ಇಟ್ಟುಕೊಳ್ಳುವುದು ಒಳ್ಳೆಯದು. ಫೆಬ್ರುವರಿ-ಮಾರ್ಚ್ ಸುಮಾರಿಗೆ ಬರುವ ಹೊಸವರ್ಷದ ಹಬ್ಬ ಲೋಸಾರ್, ಜುಲೈ 6ರ ದಲೈ ಲಾಮಾ ಜನ್ಮದಿನ, ಈ ದಿನಗಳನ್ನು ಬಿಡಬೇಕು.

ಉಪನ್ಯಾಸಕ್ಕೆ ಒಂದು ಬೆನ್ನೆಲುಬು ಬೇಕು, ಅದು ಪರಂಪರೆಯಲ್ಲೇ ಸಿದ್ಧವಾಗಿದೆ. ಈ ವೈದ್ಯದ ಮೂಲಗ್ರಂಥ ಗ್ಯೂ-ಶಿ. ನಾಲ್ಕು ತಂತ್ರಗಳ, 156 ಅಧ್ಯಾಯಗಳ ಈ ಗ್ರಂಥದ ಸಾರವನ್ನು ವಿದ್ಯಾರ್ಥಿಗಳಿಗೆ ಮರದ ಚಿತ್ರವಾಗಿ ಕಲಿಸುತ್ತಾರೆ. ಮೂರು ಬೇರು, ಒಂಬತ್ತು ಕಾಂಡ, 47 ಕೊಂಬೆ, 224 ಎಲೆ. ಮೊದಲ ಬೇರಿನಿಂದ ಆರೋಗ್ಯವಂತ ದೇಹ, ರೋಗಗ್ರಸ್ತ ದೇಹ ಎಂಬ ಎರಡು ಕಾಂಡ ಹುಟ್ಟುತ್ತವೆ. ಎರಡನೆಯದು ರೋಗನಿದಾನದ ಬೇರು. ನೋಡುವುದು, ಮುಟ್ಟುವುದು, ಕೇಳುವುದು ಅದರ ಕಾಂಡಗಳು. ಆಹಾರ, ನಡವಳಿಕೆ, ಔಷಧ, ಬಾಹ್ಯ ಚಿಕಿತ್ಸೆ ಎಂಬ ನಾಲ್ಕು ಕಾಂಡಗಳು ಚಿಕಿತ್ಸೆಯ ಬೇರಿನವು. ಔಷಧಕ್ಕಿಂತ ಮೊದಲು ಊಟ, ದಿನಚರಿ ಬಂದಿರುವುದನ್ನು ಸಭಿಕರು ಕಣ್ಣಾರೆ ನೋಡಬೇಕು. ಈ ಮರವನ್ನು ದೊಡ್ಡ ಹಾಳೆಯಲ್ಲಿ ಬರೆಸಿ ವೇದಿಕೆಯ ಮೇಲೆ ತೂಗುಹಾಕಿದರೆ ಹೊಸಬರಿಗೂ ಮಾತಿನ ಜಾಡು ತಪ್ಪುವುದಿಲ್ಲ.

ಸಭಾಂಗಣದ ಬಾಗಿಲ ಬಳಿ ಮೇಜೊಂದನ್ನು ಹಾಕಿ ಈ ವೈದ್ಯದಲ್ಲಿ ಬಳಕೆಯಾಗುವ ದ್ರವ್ಯಗಳನ್ನು ತಟ್ಟೆಗಳಲ್ಲಿ ಇಡಬಹುದು. ಆರು ಶ್ರೇಷ್ಠ ದ್ರವ್ಯಗಳೆಂದು ಎಣಿಸುವ ಜಾಜಿಕಾಯಿ, ಲವಂಗ, ಕೇಸರಿ, ಏಲಕ್ಕಿ, ದೊಡ್ಡ ಏಲಕ್ಕಿ ಮತ್ತು ಬಿದಿರಿನೊಳಗೆ ಸಿಗುವ ವಂಶಲೋಚನ ಅಲ್ಲಿರಲಿ. ಜಾಜಿಕಾಯಿ ಹೃದಯಕ್ಕೆ, ಏಲಕ್ಕಿ ಮೂತ್ರಪಿಂಡಕ್ಕೆ, ವಂಶಲೋಚನ ಶ್ವಾಸಕೋಶಕ್ಕೆ ಎಂಬುದು ಅವರ ಲೆಕ್ಕ. ಪಕ್ಕದಲ್ಲಿ ಅಳಲೆಕಾಯಿ ಇರಲೇಬೇಕು. ಭೈಷಜ್ಯಗುರು ಬುದ್ಧನ ಕೈಯಲ್ಲಿರುವುದು ಅದೇ. ಕೊಡಗಿನ ಏಲಕ್ಕಿಯನ್ನೂ ಅಜ್ಜಿ ತೇದು ಕುಡಿಸಿದ ಅಳಲೆಕಾಯಿಯನ್ನೂ ಬಲ್ಲವರಿಗೆ ಈ ಮೇಜಿನ ಮುಂದೆ ಬೇರೆ ವಿವರಣೆ ಬೇಕಾಗದು.

ವಸಾಹತಿನಲ್ಲೇ ಬೆಳೆದು ಕನ್ನಡ ಬಲ್ಲ ಯುವಜನರು ಅನುವಾದಕರಾಗಿ ದೊರೆತರೆ ಅನುಕೂಲ. ಸಭೆಗೆ ಮೊದಲು ಅವರೂ ಉಪನ್ಯಾಸಕರೂ ಕೂತು ಮುಖ್ಯ ಪದಗಳನ್ನು ನಿರ್ಧರಿಸಿಕೊಳ್ಳಬೇಕು. ಲೂಂಗ್, ಟ್ರೀಪಾ, ಬೇಕೆನ್ ಎಂಬ ಮೂರು ದೋಷಗಳನ್ನು ವಾತ, ಪಿತ್ತ, ಕಫ ಎಂದರೆ ಜನರಿಗೆ ಬೇಗ ಅರ್ಥವಾಗುತ್ತದೆ. ವಾಗ್ಭಟನ ಅಷ್ಟಾಂಗಹೃದಯ 11ನೇ ಶತಮಾನದಲ್ಲೇ ಟಿಬೆಟ್ ಭಾಷೆಗೆ ಹೋಗಿದ್ದರಿಂದ ಈ ಹೋಲಿಕೆಗೆ ಆಧಾರವೂ ಇದೆ. ಆದರೆ ನಾಡಿಯ ವಿವರ, ಮೂತ್ರಪರೀಕ್ಷೆ ಎಲ್ಲವನ್ನೂ ಆಯುರ್ವೇದವೆಂದೇ ಹೇಳಿಬಿಡುವುದು ಅಮ್ಚಿಗಳ ಸ್ವಂತ ವಿದ್ಯೆಗೆ ಮಾಡುವ ಅನ್ಯಾಯ.

ಮುಕ್ಕಾಲು ಗಂಟೆ ಮಾತು, ಅರ್ಧ ಗಂಟೆ ಪ್ರಶ್ನೋತ್ತರ ಸಾಕು. ಪ್ರಶ್ನೆಗಳನ್ನು ಚೀಟಿಯಲ್ಲಿ ಪಡೆಯುವುದು ಕ್ಷೇಮ; ತುಂಬಿದ ಸಭೆಯಲ್ಲಿ ಯಾರೂ ತಮ್ಮ ಕಾಯಿಲೆ ಬಿಚ್ಚಿಡುವಂತಾಗಬಾರದು. ‘ಬಿ.ಪಿ. ಮಾತ್ರೆ ನಿಲ್ಲಿಸಬಹುದೇ?’ ಎಂಬ ಚೀಟಿ ಬಂದೇ ಬರುತ್ತದೆ. ನಡೆಯುತ್ತಿರುವ ಔಷಧವನ್ನು ತಮ್ಮ ವೈದ್ಯರನ್ನು ಕೇಳದೆ ನಿಲ್ಲಿಸಬಾರದೆಂದು ನಿರೂಪಕರು ಸ್ಪಷ್ಟವಾಗಿ ಹೇಳಬೇಕು. ರೇಷ್ಮೆ ಬಟ್ಟೆಯಲ್ಲಿ ಕಟ್ಟಿ ಕೊಡುವ ‘ರಿಂಚೆನ್’ ಗುಳಿಗೆಗಳ ಬಗ್ಗೆಯೂ ಜನ ಕೇಳುತ್ತಾರೆ. ಅವುಗಳಲ್ಲಿ ಕೆಲವಕ್ಕೆ ಸಂಸ್ಕರಿಸಿದ ಪಾದರಸ ಸೇರುತ್ತದೆ. ಅದರ ಸುರಕ್ಷತೆಯ ಪ್ರಶ್ನೆಯನ್ನು ತೇಲಿಸದೆ ಉಪನ್ಯಾಸಕರ ಮುಂದಿಡುವುದೇ ಸರಿ.

ವಿಡಿಯೊ ಚಿತ್ರೀಕರಣಕ್ಕೆ ಉಪನ್ಯಾಸಕರ ಒಪ್ಪಿಗೆ ಮೊದಲೇ ಪಡೆದಿರಬೇಕು. ಚಿಕಿತ್ಸೆ ಬಯಸುವವರಿಗೆ ಕೊನೆಯಲ್ಲಿ ಚಿಕಿತ್ಸಾಲಯದ ವಿಳಾಸ, ವೇಳೆ ಬರೆದ ಚೀಟಿ ಕೊಡಬಹುದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗುವುದು, ಆ ದಿನದ ಮೊದಲ ಮೂತ್ರವನ್ನು ಶುಭ್ರ ಬಾಟಲಿಯಲ್ಲಿ ಒಯ್ಯಬೇಕೇ ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳುವುದು, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಪಟ್ಟಿಯನ್ನು ಜೊತೆಗಿಟ್ಟುಕೊಳ್ಳುವುದು, ಈ ಮೂರು ಸೂಚನೆಗಳೂ ಅದೇ ಚೀಟಿಯಲ್ಲಿರಲಿ.