ಗಾಲಿ ಬಿಚ್ಚುವ ಮೊದಲು

ತಮ್ಮಾ, ನೀನು ಥಾರ್ ತಗೊಂಡಿದ್ದು ಕೇಳಿ ಖುಷಿಯಾಯಿತು. ಮಳೆ ಹಿಡಿದರೆ ತಾಮ್ಹಿಣಿ, ಬಿಸಿಲು ಬಿದ್ದರೆ ವೆಲ್ಹೆ ಅಂತ ವಾಕಡ್‌ನಿಂದ ವಾರವಾರ ಹೊರಡುವವನನ್ನು ನಾನು ತಡೆಯುವುದಿಲ್ಲ. ಆದರೆ ಹೊಸ ಆಲ್-ಟೆರೇನ್ ಟೈರುಗಳನ್ನು ಮನೆಯಲ್ಲೇ ಹಾಕಿಕೊಳ್ಳುತ್ತೇನೆ ಅಂದೆಯಲ್ಲ, ಆ ಬಗ್ಗೆ ಸ್ವಲ್ಪ ಕೂತು ಕೇಳು.

ನೀನು ಒಂದೇ ಅಂದುಕೊಂಡಿರುವುದು ಎರಡು ಕೆಲಸ. ಗಾಡಿಯಿಂದ ಗಾಲಿ ಬಿಚ್ಚಿ ಇನ್ನೊಂದು ಹಾಕುವುದು ಬೇರೆ, ಆ ಗಾಲಿಯ ರಿಮ್ಮಿನಿಂದ ಟೈರು ಕಳಚಿ ಹೊಸದನ್ನು ಕೂರಿಸುವುದು ಬೇರೆ. ಮೊದಲನೆಯದನ್ನು ನೀನು ಕಲಿಯಲೇಬೇಕು. ಎರಡನೆಯದನ್ನು ಟೈರಿನ ಅಂಗಡಿಗೆ ಬಿಡು ಅಂತ ನನ್ನ ಸಲಹೆ. ಕಲಿತೇ ತೀರುತ್ತೇನೆ ಅಂದರೆ ಅದನ್ನೂ ಹೇಳುತ್ತೇನೆ.

ಪುಣೆಯೊಳಗೆ ಎಲ್ಲಿ ನಿಂತರೂ ಕೂಗಳತೆಯಲ್ಲಿ ಪಂಕ್ಚರ್ ಅಂಗಡಿ ಸಿಗುತ್ತದೆ, ಅದಕ್ಕೇ ಇಲ್ಲಿ ಯಾರೂ ಗಾಲಿ ಬಿಚ್ಚಲು ಕಲಿಯುವುದಿಲ್ಲ. ಮುಳಶಿ ದಾಟಿ ಮಾಣಗಾಂವ್ ಕಡೆಗೆ ಇಳಿಯುವಾಗ, ಇಲ್ಲವೇ ಭೋರ್‌ನಿಂದ ಮಹಾಡ್‌ಗೆ ಹೋಗುವ ವರಂಧಾ ಘಾಟಿನಲ್ಲಿ, ಆ ಭರವಸೆ ಇಲ್ಲ. ಸಹ್ಯಾದ್ರಿಯ ಕಲ್ಲು ಬಸಾಲ್ಟ್. ಒಡೆದರೆ ಅಂಚು ಹರಿತ. ಅದು ಟೈರಿನ ಪಕ್ಕವನ್ನು ಸೀಳಿತೆಂದರೆ ನಿನ್ನ ಪಂಕ್ಚರ್ ಕಿಟ್ಟಿನ ದಾರದಿಂದ ಏನೂ ಆಗುವುದಿಲ್ಲ, ಸ್ಟೆಪ್ನಿಯೇ ಗತಿ. ಹಿಂಬಾಗಿಲಿಗೆ ನೇತುಬಿದ್ದ ಆ ಸ್ಟೆಪ್ನಿಯ ಭಾರ ಎಷ್ಟೆಂಬುದು ಮಳೆ, ಕೆಸರು, ಕತ್ತಲೆಯ ನಡುವೆ ಮೊದಲ ಸಲ ನಿನಗೆ ಗೊತ್ತಾಗಬಾರದು. ನಿನ್ನ ಸೊಸೈಟಿಯ ಪಾರ್ಕಿಂಗಿನಲ್ಲಿ, ಆತುರವಿಲ್ಲದ ಒಂದು ಬೆಳಿಗ್ಗೆ ಗೊತ್ತಾಗಲಿ.

ಸಮತಟ್ಟಾದ ಗಟ್ಟಿ ನೆಲ ನೋಡು. ಬೇಸ್‌ಮೆಂಟಿನ ಇಳಿಜಾರು ಬೇಡ. ಹ್ಯಾಂಡ್‌ಬ್ರೇಕ್ ಎಳೆ, ಗೇರ್ ಹಾಕಿ ನಿಲ್ಲಿಸು. ಫೋರ್ ವೀಲ್ ಡ್ರೈವ್ ಗಾಡಿಯವರು ಇಲ್ಲೊಂದು ಮಾತು ಮರೆಯುತ್ತಾರೆ: ಟ್ರಾನ್ಸ್‌ಫರ್ ಕೇಸಿನ ಸಣ್ಣ ಲಿವರ್ ‘ಎನ್’ನಲ್ಲಿ, ಅಂದರೆ ನ್ಯೂಟ್ರಲ್ಲಿನಲ್ಲಿ ಇದ್ದರೆ, ಗೇರ್ ಹಾಕಿದ್ದರೂ ಗಾಲಿಗೆ ಹಿಡಿತವಿಲ್ಲ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನಷ್ಟೇ. ಅದರಲ್ಲೊಂದನ್ನು ನೀನು ಎತ್ತಿದರೆ ಉಳಿಯುವುದು ಒಂದೇ. ಹಾಗಾಗಿ ನೆಲದ ಮೇಲಿರುವ ಗಾಲಿಗಳಿಗೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಡು. ನಟ್ಟುಗಳನ್ನು ಗಾಡಿ ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸು. ಎತ್ತಿದ ಮೇಲೆ ಪಾನಾ ಹಾಕಿ ಜಗ್ಗಿದರೆ ಗಾಡಿಯೇ ಜಾಕಿನಿಂದ ಜಾರೀತು.

ಹಿಂದಿನ ಗಾಲಿಗೆ ಜಾಕನ್ನು ಆಕ್ಸಲಿನ ಕೆಳಗೆ, ಗಾಲಿಗೆ ಹತ್ತಿರವಾಗಿ ಕೊಡು. ಚಾಸಿಗೆ ಕೊಟ್ಟರೆ ಸಸ್ಪೆನ್ಷನ್ ಇಳಿಯುತ್ತಾ ಹೋಗುತ್ತದೆ, ಗಾಲಿ ಬೇಗ ನೆಲ ಬಿಡುವುದಿಲ್ಲ. ಥಾರ್‌ನ ಮುಂದಿನ ಸಸ್ಪೆನ್ಷನ್ ಬೇರೆ ತರಹದ್ದು, ಅಲ್ಲಿ ಮ್ಯಾನುಯಲ್ ತೋರಿಸಿದ ಜಾಗಕ್ಕೇ ಕೊಡಬೇಕು. ಜಾಕಿನ ಬುಡಕ್ಕೆ ದಪ್ಪ ಹಲಗೆ ಇರಲಿ; ಮಳೆಗಾಲದ ಮಣ್ಣಿನಲ್ಲಿ ಹಲಗೆ ಇಲ್ಲದ ಜಾಕ್ ಹೂತುಹೋಗುತ್ತದೆ. ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡ. ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಗಾಡಿಯ ಕೆಳಗೆ ಕೈಯಾಗಲಿ ತಲೆಯಾಗಲಿ ತೂರಿಸಬೇಡ. ಸ್ಟೆಪ್ನಿಯನ್ನು ಚಾಸಿಯ ಕೆಳಗೆ ಅಡ್ಡ ಮಲಗಿಸಿ ಇಡು, ಬಿಚ್ಚಿದ ಗಾಲಿಯನ್ನು ಅದರ ಜಾಗಕ್ಕೆ ಸರಿಸಿದ ಮೇಲೇ ಹೊರತೆಗೆ. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ.

ಹಾಕುವಾಗ ಸ್ಟಡ್ಡುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜು, ಆದರೆ ಎಣ್ಣೆ ಹಚ್ಚಬೇಡ. ಎಣ್ಣೆ ಇದ್ದರೆ ಗೊತ್ತಾಗದಂತೆ ಅತಿಯಾಗಿ ಬಿಗಿಯಾಗುತ್ತದೆ. ನಟ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸು, ಆಮೇಲೆ ಒಂದರ ಎದುರಿಗೊಂದರಂತೆ ಬಿಗಿ ಮಾಡು, ಸಾಲಾಗಿ ಅಲ್ಲ. ಪಾನಾದ ಮೇಲೆ ಹತ್ತಿ ನಿಂತು ಕುಣಿಯುವ ಅಭ್ಯಾಸ ಬೇಡ.

ಇನ್ನು ಟೈರು ಕಳಚುವ ವಿಷಯ. ಇಲ್ಲಿ ಹೆದರಬೇಕಾದ್ದು ಗಾಳಿಗೆ. 30 ಪಿಎಸ್‌ಐ ಅಂದರೆ ಕಡಿಮೆ ಅನ್ನಿಸುತ್ತದೆ. ಒಂದು ಚದರ ಅಡಿ ಜಾಗದ ಮೇಲೆ ಅದು ಹತ್ತಿರ ಹತ್ತಿರ ಎರಡು ಟನ್ ಬಲ. ಹಾಗಾಗಿ ವಾಲ್ವಿನ ಪಿನ್ನನ್ನೇ ಬಿಚ್ಚಿ ಹೊರಗಿಟ್ಟು, ಸದ್ದು ಪೂರ್ತಿ ನಿಂತ ಮೇಲೆ ರಿಮ್ಮಿಗೆ ಕೈ ಹಾಕು. ಟೈರಿನ ಬೀಡನ್ನು, ಅಂದರೆ ರಿಮ್ಮಿಗೆ ಕಚ್ಚಿ ಕೂರುವ ಅಂಚನ್ನು, ಒತ್ತಿ ಬಿಡಿಸಿದ ಮೇಲೆ ಸೋಪಿನ ನೀರು ಧಾರಾಳವಾಗಿ ಹಚ್ಚು. ರಿಮ್ಮಿನ ನಡುವೆ ಒಂದು ತಗ್ಗು ಇರುತ್ತದೆ. ನೀನು ಟೈರು ಎಬ್ಬಿಸಲು ಲಿವರ್ ಹಾಕುವ ಜಾಗದ ಎದುರು ಬದಿಯ ಬೀಡು ಆ ತಗ್ಗಿನಲ್ಲಿ ಕೂತಿರಬೇಕು. ಈ ಕೆಲಸದ ಗುಟ್ಟೆಲ್ಲ ಅಲ್ಲೇ ಇದೆ. ಅದು ಕೂತಿದ್ದರೆ ಲಿವರಿಗೆ ಹೆಚ್ಚು ಬಲ ಬೇಕಿಲ್ಲ. ಬಲ ಬೇಕಾಗುತ್ತಿದೆ ಅಂದರೆ ಏನೋ ತಪ್ಪಾಗಿದೆ, ನಿಲ್ಲಿಸಿ ನೋಡು. ಗಾಳಿಯ ಒತ್ತಡ ತೋರಿಸುವ ಸೆನ್ಸರ್ ಇದ್ದರೆ ಅದು ವಾಲ್ವಿನ ಬುಡದಲ್ಲೇ ಇರುತ್ತದೆ, ಆ ಕಡೆ ಲಿವರ್ ಹಾಕಿದರೆ ಮುರಿಯುತ್ತದೆ.

ಹೊಸ ಟೈರಿಗೆ ಗಾಳಿ ತುಂಬುವಾಗ ಉದ್ದ ಪೈಪು ಹಾಕಿ ದೂರ ನಿಲ್ಲು. ಬೀಡು ಕೂರುವಾಗ ಪಟ್ ಪಟ್ ಅಂತ ಎರಡು ಸಲ ಸದ್ದಾಗುತ್ತದೆ. 40 ಪಿಎಸ್‌ಐ ಮುಟ್ಟಿದರೂ ಕೂರದಿದ್ದರೆ ಇನ್ನೂ ತುಂಬಬೇಡ. ಗಾಳಿ ಬಿಟ್ಟು, ಸೋಪು ಹಚ್ಚಿ, ಮೊದಲಿಂದ ಶುರುಮಾಡು. ಪೆಟ್ರೋಲು ಸುರಿದು ಬೆಂಕಿ ಕೊಟ್ಟು ಕೂರಿಸುವ ವಿಡಿಯೋಗಳನ್ನು ನೀನೂ ನೋಡಿರುತ್ತೀ. ಅದನ್ನು ನೀನು ಮಾಡಕೂಡದು, ನಿನ್ನ ಮುಂದೆ ಇನ್ನೊಬ್ಬರು ಮಾಡಿದರೂ ಅಲ್ಲಿ ನಿಲ್ಲಕೂಡದು. ಹಾಗೆಯೇ ನಿನ್ನ ಗೆಳೆಯರಲ್ಲಿ ಯಾರಾದರೂ ಹಳೆಯ ಮಿಲಿಟರಿ ಜೀಪು ತಂದರೆ ರಿಮ್ಮನ್ನು ಮೊದಲು ನೋಡಿಕೊಳ್ಳಿ. ಕೆಲವಕ್ಕೆ ಎರಡು ಭಾಗಗಳನ್ನು ಬೋಲ್ಟಿನಿಂದ ಸೇರಿಸಿದ ರಿಮ್ಮು ಇರುತ್ತದೆ. ಗಾಳಿ ಇರುವಾಗ ಆ ಬೋಲ್ಟು ಬಿಚ್ಚಿದವನ ಮುಖಕ್ಕೇ ರಿಮ್ಮು ಹಾರುತ್ತದೆ.

ಟೈರು ಕೊಳ್ಳುವಾಗ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದು: 2324 ಅಂತಿದ್ದರೆ 2024ರ 23ನೆಯ ವಾರ ತಯಾರಾದದ್ದು. ನಾಲ್ಕೂ ಒಂದೇ ಅಳತೆ, ಒಂದೇ ಮಾದರಿಯವು ಇರಲಿ. ಹೆಚ್ಚುಕಮ್ಮಿಯಾದರೆ ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟು. ಸ್ಟೆಪ್ನಿಯೂ ಅದೇ ಆದರೆ ಮತ್ತೂ ಒಳ್ಳೆಯದು. ಮನೆಯಲ್ಲಿ ಎಷ್ಟೇ ಚೆನ್ನಾಗಿ ಕೂರಿಸಿದರೂ ಬ್ಯಾಲೆನ್ಸಿಂಗ್ ಯಂತ್ರದಲ್ಲೇ ಆಗಬೇಕು, ಹೇಗೂ ಅಂಗಡಿಗೆ ಹೋಗಲೇಬೇಕಲ್ಲ, ಅದಕ್ಕೇ ಆ ಕೆಲಸ ಅವರಿಗೇ ಬಿಡು ಅಂದದ್ದು. ಗಾಲಿ ಹಾಕಿದ ಮೇಲೆ 50ರಿಂದ 100 ಕಿ.ಮೀ. ಓಡಿಸಿ ನಟ್ಟುಗಳನ್ನು ಮತ್ತೊಮ್ಮೆ ನೋಡು. ಟಾರ್ಕ್ ರೆಂಚ್ ಕೊಳ್ಳಲು ಹೋಗಬೇಡ, ನನ್ನದು ಇದೆ. ಮ್ಯಾನುಯಲ್‌ನಲ್ಲಿರುವ ಅಂಕಿ ಬರೆದುಕೊಂಡು ಬಾ, ಹೇಗೆ ಹಿಡಿಯಬೇಕೆಂದು ತೋರಿಸಿಕೊಡುತ್ತೇನೆ.