ತುರ್ತು ಆಶ್ರಯವೂ ಮರುಪರಿಶೀಲನೆಯೂ

ಸಮಾಜಶಾಸ್ತ್ರದ ವಿದ್ಯಾರ್ಥಿನಿಯರಾದ ನಾವು ಕೆಲವರು ಅಧ್ಯಯನಕ್ಕೆಂದು ಬಾಲಕಿಯರ ಬಾಲಮಂದಿರವೊಂದಕ್ಕೆ ಹೋಗಿದ್ದೆವು. ಸ್ಥಳ ಚೊಕ್ಕಟವಾಗಿತ್ತು, ಊಟ, ಬಟ್ಟೆ, ಪಾಠಗಳಿಗೆ ಕೊರತೆ ಕಾಣಲಿಲ್ಲ. ಹೊರಡುವ ಹೊತ್ತಿಗೆ ಏಳೆಂಟು ವರ್ಷದ ಹುಡುಗಿಯೊಬ್ಬಳು ನನ್ನ ಕೈ ಹಿಡಿದು, “ಅಕ್ಕಾ, ನಮ್ಮವ್ವ ಯಾವಾಗ ಬರ್ತಾಳ?” ಎಂದು ಕೇಳಿದಳು. ನಾನು ಉತ್ತರ ಹೇಳಲಾರದೆ ಹೋದೆ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಯಾರು, ಎಷ್ಟು ದಿನಗಳೊಳಗೆ ಹೇಳಬೇಕು ಎಂಬುದನ್ನು ಅರಿಯುವ ಪ್ರಯತ್ನವೇ ಈ ಲೇಖನ.

ನದಿಗೆ ನೆರೆ ಬಂದಾಗ ದಂಡೆಯ ಊರಿನ ಜನರನ್ನು ಎತ್ತರದ ಶಾಲೆಯ ಕಟ್ಟಡಕ್ಕೆ ಸಾಗಿಸುತ್ತಾರೆ. ಆಗ ಯಾರೂ ಕಾಗದಪತ್ರ ಕೇಳುತ್ತ ಕೂಡುವುದಿಲ್ಲ. ಜೀವ ಉಳಿಸುವುದೇ ಮೊದಲು. ಆದರೆ ನೀರು ಇಳಿದ ಮೇಲೂ “ನೀವು ಇಲ್ಲಿಯೇ ಇರಿ” ಎಂದು ಯಾರೂ ಹೇಳುವುದಿಲ್ಲ. ಮನೆ ನಿಂತಿದೆಯೇ, ಗೋಡೆ ಕುಸಿದಿದೆಯೇ ಎಂದು ನೋಡಿ ಮುಂದಿನದನ್ನು ನಿರ್ಧರಿಸುತ್ತಾರೆ. ಮಗುವಿಗೆ ಕೊಡುವ ತುರ್ತು ಆಶ್ರಯವೂ ಇಂತಹದೇ. ಆಶ್ರಯ ಕೊಡುವುದು ಮೊದಲನೆಯ ಕರ್ತವ್ಯ. ನೀರು ಇಳಿಯಿತೇ ಎಂದು ನೋಡುವುದು ಎರಡನೆಯದು. ಈ ಎರಡನೆಯದಕ್ಕೇ ಮರುಪರಿಶೀಲನೆ ಎಂದು ಹೆಸರು.

ನಮ್ಮ ದೇಶದಲ್ಲಿ ಈ ವಿಷಯಕ್ಕೆ ಆಧಾರವಾಗಿರುವುದು 2015ರ ಬಾಲನ್ಯಾಯ ಕಾಯ್ದೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗುವನ್ನು, ಪ್ರಯಾಣದ ವೇಳೆಯನ್ನು ಬಿಟ್ಟು, 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ. ಸಮಿತಿ ಸೇರದ ಹೊತ್ತಿನಲ್ಲಿ ಒಬ್ಬರೇ ಸದಸ್ಯರ ಮುಂದೆ ಹಾಜರುಪಡಿಸಿ, ಮಗುವನ್ನು ಬಾಲಮಂದಿರಕ್ಕೆ ಸೇರಿಸಬಹುದು. ಆದರೆ ಪ್ರಕರಣವನ್ನು ಅಂತಿಮವಾಗಿ ಇತ್ಯರ್ಥಗೊಳಿಸುವಾಗ ಕನಿಷ್ಠ ಮೂವರು ಹಾಜರಿರಬೇಕು. ಮಗುವಿನ ಮನೆಯ ಸ್ಥಿತಿಗತಿಯನ್ನು ಕುರಿತ ಸಾಮಾಜಿಕ ತನಿಖೆ 15 ದಿನಗಳಲ್ಲಿ ಮುಗಿಯಬೇಕು; ಅಂತಿಮ ಆದೇಶ ಸಾಮಾನ್ಯವಾಗಿ 4 ತಿಂಗಳೊಳಗೆ ಹೊರಡಬೇಕು. ಅನಂತರವೂ ಬಾಲಮಂದಿರದಲ್ಲಿ ಉಳಿಯುವ ಮಗುವಿನ ಸ್ಥಿತಿಯನ್ನು ಸಮಿತಿ ಮತ್ತೆ ಮತ್ತೆ ಪರಿಶೀಲಿಸಬೇಕು. ರಾತ್ರಿಯ ನಿರ್ಧಾರಕ್ಕೆ ಒಬ್ಬರು ಸಾಕು, ಕಡೆಯ ನಿರ್ಧಾರಕ್ಕೆ ಮೂವರು ಬೇಕು ಎಂಬ ಈ ಭೇದದಲ್ಲಿ ಬಹಳ ವಿವೇಕವಿದೆ. ಅವಸರದಲ್ಲಿ ಕಂಡದ್ದು ಪೂರ್ಣಸತ್ಯವಲ್ಲವೆಂದು ಕಾಯ್ದೆಯೇ ಒಪ್ಪಿಕೊಂಡಂತಾಯಿತು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಕೂಲಿಗೆಂದು ಊರು ಬಿಟ್ಟು ಬಂದ ಹೆಂಗಸೊಬ್ಬಳು ಬಸ್ಸು ನಿಲ್ದಾಣದಲ್ಲಿ ಜ್ಞಾನತಪ್ಪಿ ಬಿದ್ದಳು. ಆಕೆಯನ್ನು ಆಸ್ಪತ್ರೆಗೆ ಸೇರಿಸಿದರು. ಜೊತೆಗಿದ್ದ ಮಗ, ಮಗಳು ರಾತ್ರಿ ಆಶ್ರಯ ಪಡೆದರು. ಇದರಲ್ಲಿ ತಪ್ಪೇನೂ ಇಲ್ಲ. ವಾರದ ಮೇಲೆ ತಾಯಿ ಗುಣಮುಖಳಾದಳು. ಹಳ್ಳಿಯಲ್ಲಿ ಅಜ್ಜಿಯೂ ಸೋದರಮಾವನೂ ಇದ್ದಾರೆ. ಅಷ್ಟರಲ್ಲಿ ಹುಡುಗ ಒಂದು ಕಡೆ, ಹುಡುಗಿ ಇನ್ನೊಂದು ಕಡೆ ಸೇರಿಯಾಗಿದೆ. ಯಾರೂ ಕೆಟ್ಟವರಲ್ಲ, ಆದರೆ ಕಡತ ಎತ್ತಿ ನೋಡುವ ದಿನ ಗೊತ್ತಾಗಿಲ್ಲದಿದ್ದರೆ ತಾತ್ಕಾಲಿಕವಾದದ್ದು ತಾನಾಗಿಯೇ ಶಾಶ್ವತವಾಗುತ್ತದೆ.

ದೊಡ್ಡವರಿಗೆ 4 ತಿಂಗಳು ಅಲ್ಪಕಾಲ. ಮೂರು ವರ್ಷದ ಮಗುವಿಗೆ ಅದು ಬದುಕಿದ ಆಯುಷ್ಯದ ಒಂಬತ್ತನೆಯ ಒಂದು ಪಾಲು. ತಾಯಿಯ ಅಥವಾ ತಾಯಿಯ ಸ್ಥಾನದಲ್ಲಿರುವವರ ನಿರಂತರ ಅಕ್ಕರೆ ಮಗುವಿನ ಮನಸ್ಸಿಗೆ ಅನ್ನದಷ್ಟೇ ಅಗತ್ಯವೆಂದು ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ 1951ರ ವರದಿಯಲ್ಲಿ ಪ್ರತಿಪಾದಿಸಿದರು. ರುಮೇನಿಯದ ಬುಖಾರೆಸ್ಟ್ ನಗರದಲ್ಲಿ 2000ರ ಸುಮಾರಿಗೆ ಆರಂಭವಾದ ಅಧ್ಯಯನವೊಂದು 136 ಶಿಶುಗಳನ್ನು ಗಮನಿಸಿತು. ಅನಾಥಾಲಯದಲ್ಲಿ ಉಳಿದವರಿಗಿಂತ ಪೋಷಕ ಕುಟುಂಬ ಸೇರಿದವರ ಬುದ್ಧಿಬೆಳವಣಿಗೆ ಉತ್ತಮವಾಗಿತ್ತು. ಬೇಗ ಸೇರಿದವರಿಗೆ ಲಾಭವೂ ಹೆಚ್ಚು. ಆದುದರಿಂದ ವಿಳಂಬವೆಂಬುದು ಕೇವಲ ಕಚೇರಿಯ ದೋಷವಲ್ಲ, ಮಗುವಿಗೆ ಆಗುವ ನಷ್ಟ.

ಹಾಗಾದರೆ ಮರುಪರಿಶೀಲನೆಯಲ್ಲಿ ಕೇಳಬೇಕಾದ ಪ್ರಶ್ನೆಗಳಾವುವು? ಮಗುವನ್ನು ಕರೆತಂದ ದಿನ ಇದ್ದ ಅಪಾಯ ಇಂದಿಗೂ ಇದೆಯೇ? ತಂದೆತಾಯಿಗಳಲ್ಲದೆ ಅಜ್ಜಿ, ದೊಡ್ಡಮ್ಮ, ಸೋದರಮಾವ ಮೊದಲಾದ ಬಂಧುಗಳನ್ನು ಹುಡುಕಿ ನೋಡಿದ್ದಾರೆಯೇ? ಒಡಹುಟ್ಟಿದವರು ಒಟ್ಟಿಗಿದ್ದಾರೆಯೇ? ಓದು ನಿಂತಿದೆಯೇ? ಎಲ್ಲಕ್ಕಿಂತ ಮಿಗಿಲಾಗಿ, ಮಗು ಏನನ್ನುತ್ತದೆ? ಈ ಕಡೆಯ ಪ್ರಶ್ನೆಯನ್ನು ಕೇಳುವುದು ಸುಲಭ, ಉತ್ತರವನ್ನು ತಾಳ್ಮೆಯಿಂದ ಆಲಿಸುವುದು ಕಷ್ಟ. ಹೊಡೆತದ ಭಯದಿಂದ ಮನೆ ಬಿಟ್ಟ ಮಗುವೂ ಒಮ್ಮೊಮ್ಮೆ ಮನೆಯನ್ನೇ ಬಯಸೀತು.

ಬಡತನದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಕೇವಲ ಬಡತನದ ಕಾರಣದಿಂದ ಮಗುವನ್ನು ಹೆತ್ತವರಿಂದ ಅಗಲಿಸಬಾರದೆಂದು 2009ರ ವಿಶ್ವಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ನಮ್ಮ ಕಾಯ್ದೆಯಲ್ಲಿಯೂ ಸಂಸ್ಥೆಗೆ ಸೇರಿಸುವುದು ಕೊನೆಯ ಉಪಾಯವೆಂದೇ ಇದೆ. ಬಡ ಕುಟುಂಬಕ್ಕೆ ನೆರವಾಗುವ ಪ್ರಾಯೋಜಕತ್ವದ ಧನ 2022ರ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಎಂದು ಗೊತ್ತಾಯಿತು. ಆ ನೆರವು ಮನೆಗೆ ತಲುಪಿದರೆ ಎಷ್ಟೋ ಮಕ್ಕಳು ಬಾಲಮಂದಿರದ ಮೆಟ್ಟಿಲು ಹತ್ತಬೇಕಾಗಿ ಬರುವುದಿಲ್ಲ.

2020ರಲ್ಲಿ ಕೊರೋನಾ ಸೋಂಕು ಹರಡಿದಾಗ ಸರ್ವೋಚ್ಚ ನ್ಯಾಯಾಲಯ ಏಪ್ರಿಲ್ 3ರಂದು ಸ್ವಯಂಪ್ರೇರಿತವಾಗಿ ಆದೇಶ ನೀಡಿ, ಮಕ್ಕಳನ್ನು ಸಂಸ್ಥೆಗಳಲ್ಲಿ ಉಳಿಸಬೇಕೇ ಎಂದು ಯೋಚಿಸುವಂತೆ ಸಮಿತಿಗಳಿಗೆ ಸೂಚಿಸಿತು. ಸೋಂಕಿನ ಆರಂಭದಲ್ಲಿ ದೇಶದ ಸಂಸ್ಥೆಗಳಲ್ಲಿದ್ದ 2,27,518 ಮಕ್ಕಳಲ್ಲಿ 1,45,788 ಮಂದಿ ಆ ವರ್ಷದ ಕೊನೆಯ ಹೊತ್ತಿಗೆ ತಮ್ಮ ಕುಟುಂಬ ಅಥವಾ ಪೋಷಕರನ್ನು ಸೇರಿದ್ದರು. ಈ ಅಂಕಿಗಳನ್ನು ಎರಡು ಬಗೆಯಾಗಿ ಓದಬಹುದು. ಹೋಗಲು ಮನೆಯಿದ್ದ ಮಕ್ಕಳು ಅಷ್ಟೊಂದು ಮಂದಿ ಇದ್ದರೆಂಬುದು ಒಂದು. ಅವಸರದಲ್ಲಿ ಸೇರಿಸುವುದು ಹೇಗೋ, ಅವಸರದಲ್ಲಿ ಕಳುಹಿಸುವುದೂ ಹಾಗೆಯೇ ಅಪಾಯ ಎಂಬುದು ಇನ್ನೊಂದು. ಮರುಪರಿಶೀಲನೆ ಎಂದರೆ ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕಳುಹಿಸುವುದಲ್ಲ. ಒಂದೊಂದು ಮಗುವಿನ ಮನೆಯನ್ನೂ ಬೇರೆಬೇರೆಯಾಗಿ ನೋಡುವುದು. ನೋಡಿದ ಮೇಲೆ “ಮಗು ಇಲ್ಲಿಯೇ ಇರಲಿ” ಎಂಬ ನಿರ್ಧಾರ ಬಂದರೆ ಅದೂ ನ್ಯಾಯವೇ.

ಸಹಪಾಠಿಗಳಲ್ಲಿ ಹಲವರು ಮುಂದೆ ಶಿಕ್ಷಕರೋ, ಪೊಲೀಸರೋ, ಸಮಾಜಕಾರ್ಯಕರ್ತರೋ ಆಗುವವರಿದ್ದಾರೆ. ಆಪತ್ತಿನಲ್ಲಿರುವ ಮಗುವನ್ನು ಕಂಡಾಗ 1098ಕ್ಕೆ ಕರೆಮಾಡುವುದು ನಮ್ಮೆಲ್ಲರ ಕರ್ತವ್ಯ. ಆದರೆ ಮಗುವನ್ನು ಒಪ್ಪಿಸಿದೊಡನೆ ಕೆಲಸ ಮುಗಿಯಿತೆಂದು ಭಾವಿಸಬಾರದು. ಅಂದು ಆ ಹುಡುಗಿಗೆ “ನಿಮ್ಮವ್ವ ನಾಳೆ ಬರ್ತಾಳ” ಎಂದು ಹುಸಿ ಭರವಸೆ ಕೊಡಲು ನನಗೆ ಮನಸ್ಸಾಗಲಿಲ್ಲ. ಆದರೆ “ನಿನ್ನ ಮಾತು ಕೇಳಲು ಇಂಥ ದಿನ ಸಮಿತಿಯವರು ಸೇರುತ್ತಾರೆ” ಎಂದು ಹೇಳುವಂತಿದ್ದರೆ ಅದು ಹುಸಿಯಾಗುತ್ತಿರಲಿಲ್ಲ. ಬಾಲಮಂದಿರದಲ್ಲಿರುವ ಪ್ರತಿಯೊಂದು ಮಗುವಿಗೂ ಅಂತಹ ಒಂದು ದಿನ ಗೊತ್ತಾಗಿರಬೇಕು, ಅದು ಮಗುವಿಗೂ ತಿಳಿದಿರಬೇಕು.